ಮೀಸೆಯ ಅಮ್ಮ

ನ್ಯಾಮತಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣ, ಅಂಗನವಾಡಿ ಪೋಸ್ಟ್ ಕರೆದಾರೆ. ಚನ್ನಗಿರಿ, ಹೊನ್ನಾಳಿ, ಜಗಳೂರು, ನಮ್ಮದು, ಎಲ್ಲಾ ಐತೆ. ಅಪ್ಲಿಕೇಶನ್ ಹಾಕಿಕೊಡ್ತೀಯಾ?" ತಂಗಿಗೇನೋ ಅಂದುಕೊಂಡೆ. "ಇಲ್ಲಣ್ಣ, ನನಗೇ." ನಕ್ಕುಬಿಟ್ಟೆ. ಅವನು ನಗಲಿಲ್ಲ.

ಹುದ್ದೆಯ ಹೆಸರೇ 'ಕಾರ್ಯಕರ್ತೆ'. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅವತ್ತಿನಿಂದಲೂ ಇದು ಹೆಂಗಸರ ಕೆಲಸ. ಬಸುರಿ ಬಾಣಂತಿಯರ ಮನೆಗೆ ಹೋಗುವ ಕೆಲಸ ಹೆಣ್ಣಿಗೇ ಇರಲಿ, ಒಪ್ಪೋಣ. ಆದರೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು ಹೇಳಿಸೋದು? ಅದೇ ಮಗು ಒಂದನೇ ಕ್ಲಾಸಿಗೆ ಹೋದರೆ ನಲಿ-ಕಲಿ ಕೋಣೆಯಲ್ಲಿ ಮೇಷ್ಟ್ರು ನೆಲದ ಮೇಲೆ ಕೂತು ಇದನ್ನೇ ಮಾಡಿಸುತ್ತಾರೆ. ಅದನ್ನು ಯಾರೂ ವಿಚಿತ್ರ ಅನ್ನೋದಿಲ್ಲ. ಏಪ್ರಿಲ್‌ನಲ್ಲಿ ಆಗದ ಗಂಡಸು ಜೂನ್‌ನಲ್ಲಿ ಆಗುತ್ತಾನೆ!

ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಜನ ಪ್ರೀತಿಯಿಂದ ಇಟ್ಟ ಹೆಸರು 'ಮೂಛಾಳಿ ಮಾ', ಅಂದರೆ ಮೀಸೆಯ ಅಮ್ಮ. ಹೊಗಳಿಕೆಯೇ. ಆದರೂ ಚಿಕ್ಕ ಮಕ್ಕಳನ್ನು ಪ್ರೀತಿಸುವ ಗಂಡಸನ್ನು ಹೊಗಳೋಕೂ ಅವನನ್ನು ಅಮ್ಮನನ್ನಾಗಿ ಮಾಡಬೇಕಾಯಿತಲ್ಲ!

ಇಷ್ಟೆಲ್ಲಾ ಬರೆಯುವ ನಾನೇನು ಸಾಚಾ ಅಲ್ಲ. ಬೆಂಗಳೂರಲ್ಲಿ ಮಗಳನ್ನು ಪ್ಲೇಹೋಮಿಗೆ ಸೇರಿಸುವಾಗ ಅಲ್ಲೊಬ್ಬ ಹುಡುಗ ಮಕ್ಕಳಿಗೆ ಊಟ ಮಾಡಿಸುತ್ತಿದ್ದ. "ಡೈಪರ್ ಯಾರು ಬದಲಾಯಿಸ್ತಾರೆ?" ಅಂತ ಕೇಳಿದೆ. ಯಾಕೆ ಕೇಳಿದೆ ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆ ಹುಡುಗನಿಗೂ. ಮನೆಯಲ್ಲಿ ಡೈಪರ್ ಬದಲಿಸೋದು ನಾನೇ. ಅದನ್ನು ಆಫೀಸಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳೋನೂ ನಾನೇ.

ನನ್ನ ಭಯ ಪೂರ್ತಿ ಸುಳ್ಳೂ ಅಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಬಹುಪಾಲು ಗಂಡಸರೇ. ಹಾಗೆಯೇ ಬಹುಪಾಲು ಪರಿಚಿತರೇ. ಆ ಲೆಕ್ಕದಲ್ಲಿ ಮಾವ, ಚಿಕ್ಕಪ್ಪ, ವ್ಯಾನ್ ಡ್ರೈವರ್ ಎಲ್ಲರನ್ನೂ ಹೊರಗಿಡಬೇಕು. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಈ ನಿಯಮ ಹೆಣ್ಣಿಗೂ ಗಂಡಿಗೂ ಒಂದೇ ಇರಲಿ. ನಾನು ಕೇಳಬೇಕಿದ್ದ ಪ್ರಶ್ನೆ ಅದು.

ನನ್ನನ್ನು ನಿಜವಾಗಿ ತಡೆಯೋದು ಬೇರೆ ವಿಷಯ. ಹಳ್ಳಿಯಲ್ಲಿ ಪಿಯುಸಿ ಓದಿದ ಹೆಣ್ಣುಮಗಳಿಗೆ ಊರಲ್ಲೇ ಸಿಗುವ ಕೆಲಸ ಎಷ್ಟಿವೆ? ಅಲ್ಲಿ ಕೊಡೋದು ಸಂಬಳ ಅಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ 2022ರಲ್ಲಿ. ತಾಯಿ ಕೂಲಿ ಕೇಳೋದಿಲ್ಲ ಅನ್ನೋ ಲೆಕ್ಕದ ಮೇಲೆ ಇಷ್ಟು ವರ್ಷ ನಡೆಸಿದ್ದಾರೆ. ಗಂಡಸರು ಬಂದಮೇಲೆ "ಸಂಸಾರ ಸಾಕೋರು, ಪಾಪ" ಅಂತ ದುಡ್ಡು ಏರಿಸಿದರೆ ನನಗೆ ಖುಷಿಗಿಂತ ಹೆಚ್ಚು ಸಿಟ್ಟೇ ಬರುತ್ತೆ. ಮೊದಲು ಇದನ್ನು ಪೂರ್ತಿ ಸಂಬಳದ ಕೆಲಸ ಮಾಡಿ, ಆಮೇಲೆ ಬಾಗಿಲು ತೆಗೆಯಿರಿ ಅಂತೀನಿ. ಹೀಗಂದರೆ ತಮ್ಮನಿಗೆ ಈಗಂತೂ ಬಾಗಿಲಿಲ್ಲ. ಅದು ನ್ಯಾಯವೇ ಅಂದರೆ, ಅವನ ಮಟ್ಟಿಗೆ ಅಲ್ಲ.

ವಾಪಸ್ ಫೋನ್ ಮಾಡಿದಾಗ ಸಂಜೆಯಾಗಿತ್ತು. ಹಿಂದೆ ಓಣಿಯ ಮಕ್ಕಳ ಗಲಾಟೆ. "ಡಿ.ಎಡ್ ಮಾಡು, ಒಂದನೇ ಕ್ಲಾಸಿಗೆ ಮೇಷ್ಟ್ರಾಗಬಹುದು" ಅಂದೆ.

"ಅಷ್ಟೊತ್ತಿಗೆ ಇವು ದೊಡ್ಡವಾಗಿರ್ತಾವಲ್ಲಣ್ಣ" ಅಂದ.