ಸುಂದರಿಯನ್ನು ಯಾರು ಕೇಳಿದರು?

ದಿನಕ್ಕೊಂದು ಧಮ್ಮ ಚಿಂತನೆ. ಇಂದಿನ ವಿಷಯ: ನಾಲ್ಕನೆಯ ಶೀಲ ಮತ್ತು ಕಾಣೆಯಾದವರು

ಯಾರಾದರೂ ಕಾಣೆಯಾದ ಸುದ್ದಿ ಬಂದಾಗ ನಮ್ಮ ಫೋನುಗಳಲ್ಲಿ ಏನಾಗುತ್ತದೆ ನೋಡಿ. ಬೆಳಿಗ್ಗೆ ಒಂದು ಫೋಟೊ, ಕೆಳಗೆ ಮನೆಯವರ ನಂಬರು. ಮಧ್ಯಾಹ್ನಕ್ಕೆ ‘ಒಳಗಿನ ಸುದ್ದಿ’ ಎಂದು ಒಂದು ಆಡಿಯೊ. ಸಂಜೆ ಯೂಟ್ಯೂಬಿನಲ್ಲಿ ಮ್ಯಾಪು, ಬಾಣದ ಗುರುತು, ಕೆಂಪು ವೃತ್ತ. ರಾತ್ರಿ ಊಟದ ಹೊತ್ತಿಗೆ ತೀರ್ಪು ತಯಾರು. ಗಂಡನೇ ಕೊಂದಿದ್ದಾನೆ, ಇಲ್ಲವೇ ಅವಳೇ ಯಾರದೋ ಜೊತೆ ಹೋಗಿದ್ದಾಳೆ, ಇಲ್ಲವೇ ಎಲ್ಲ ದುಡ್ಡಿಗಾಗಿ ನಾಟಕ. ಇವು ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಆದರೂ ಒಂದೇ ಗುಂಪಿನಲ್ಲಿ ಮೂರೂ ಬಂದಿರುತ್ತವೆ, ಮೂರಕ್ಕೂ ಒಂದೇ ಕೈಯಿಂದ ಕೈಮುಗಿದ ಚಿತ್ರ ಬಿದ್ದಿರುತ್ತದೆ.

ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ಉಪಾಸಿಕೆ ನೇರವಾಗಿ ಕೇಳಿದರು: “ಸುಳ್ಳು ಅಂತ ಗೊತ್ತಿದ್ದೂ ಹೇಳಿದರೆ ಮುಸಾವಾದ, ಸರಿ. ಆದರೆ ನನಗನ್ನಿಸಿದ್ದನ್ನು ನಾನು ಹೇಳಿದರೆ ಶೀಲ ಹೇಗೆ ಮುರಿಯುತ್ತೆ?” ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಮಜ್ಝಿಮ ನಿಕಾಯದ ಸಾಲೇಯ್ಯಕ ಸುತ್ತದಲ್ಲಿದೆ. ಸುಳ್ಳು ಹೇಳುವವನು ಯಾರು ಎಂದು ಭಗವಾನರು ಅಲ್ಲಿ ವಿವರಿಸುವಾಗ ಒಂದು ಪಂಚಾಯಿತಿಯ ದೃಶ್ಯವನ್ನೇ ಮುಂದಿಡುತ್ತಾರೆ. ಒಬ್ಬನನ್ನು ಸಭೆಗೆ ಕರೆದು, ನಿನಗೆ ಗೊತ್ತಿರುವುದನ್ನು ಹೇಳಪ್ಪ ಎಂದು ಕೇಳುತ್ತಾರೆ. ಗೊತ್ತಿಲ್ಲದಿದ್ದರೂ ಗೊತ್ತು ಎನ್ನುವವನು, ನೋಡದಿದ್ದರೂ ನೋಡಿದೆ ಎನ್ನುವವನು ಸುಳ್ಳುಗಾರ. ಗೊತ್ತಿದ್ದೂ ಗೊತ್ತಿಲ್ಲ ಎನ್ನುವವನೂ ಸುಳ್ಳುಗಾರನೇ. ಈ ಎರಡನೆಯವನನ್ನು ಮರೆಯಬೇಡಿ, ಮುಂದೆ ಅವನ ಹತ್ತಿರ ಬರಬೇಕಾಗಿದೆ. ಸದ್ಯಕ್ಕೆ ಇಷ್ಟು ಗಮನಿಸಿ: ಹೇಳಿದ ವಿಷಯ ಕೊನೆಗೆ ನಿಜವಾಯಿತೋ ಇಲ್ಲವೋ ಎಂಬುದು ಅಲ್ಲಿ ಅಳತೆಗೋಲಲ್ಲ. ಹೇಳುವ ಹೊತ್ತಿನಲ್ಲಿ ನಿನಗೆ ಗೊತ್ತಿತ್ತೇ ಎಂಬುದೇ ಅಳತೆ. ನಮ್ಮ ಊಹೆ ನಾಳೆ ನಿಜವಾಗಿಬಿಟ್ಟರೂ ಇವತ್ತು ‘ನನಗೆ ಗೊತ್ತು’ ಎಂದದ್ದು ಸುಳ್ಳೇ.

ಕಾಣೆಯಾದ ಒಬ್ಬ ಹೆಂಗಸಿನ ಪ್ರಕರಣ ತಿಪಿಟಕದಲ್ಲೇ ಇದೆ. ಉದಾನದಲ್ಲಿ ಬರುತ್ತದೆ. ಬಾಬಾಸಾಹೇಬರೂ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಭಗವಾನರ ಮೇಲೆ ಬಂದ ಸುಳ್ಳು ಆರೋಪಗಳನ್ನು ಹೇಳುವಲ್ಲಿ ಇದನ್ನು ಸೇರಿಸಿದ್ದಾರೆ. ಸಾವತ್ಥಿಯಲ್ಲಿ ಸಂಘಕ್ಕೆ ಸಿಗುತ್ತಿದ್ದ ಗೌರವ ಕಂಡು ಬೇರೆ ಪಂಥದ ಕೆಲವರಿಗೆ ಹೊಟ್ಟೆ ಉರಿಯಿತು. ಸುಂದರಿ ಎಂಬ ಪರಿವ್ರಾಜಕಿಗೆ ಜೇತವನಕ್ಕೆ ಆಗಾಗ ಹೋಗಿ ಬರುತ್ತಿರು ಎಂದರು. ಅವಳು ಹೋಗಿ ಬರುವುದನ್ನು ಜನ ನೋಡುವಂತಾದ ಮೇಲೆ ಅವಳನ್ನು ಕೊಲ್ಲಿಸಿ ಅಲ್ಲೇ ಹೂಳಿಸಿದರು. ಆಮೇಲೆ ತಾವೇ ರಾಜ ಪಸೇನದಿಯ ಬಳಿ ಹೋಗಿ ‘ಸುಂದರಿ ಕಾಣಿಸುತ್ತಿಲ್ಲ’ ಎಂದು ದೂರು ಕೊಟ್ಟರು. ಯಾರ ಮೇಲೆ ಅನುಮಾನ ಎಂದು ರಾಜ ಕೇಳಿದ. ಜೇತವನದ ಮೇಲೆ ಎಂದರು. ಹುಡುಕಿಸಿದರು, ಶವ ಸಿಕ್ಕಿತು. ಚಟ್ಟದ ಮೇಲಿಟ್ಟು ಬೀದಿಬೀದಿಯಲ್ಲಿ ಮೆರವಣಿಗೆ ಮಾಡಿ, ಶಾಕ್ಯಪುತ್ರನ ಶಿಷ್ಯರ ಕೆಲಸ ನೋಡಿ ಎಂದು ಸಾರಿದರು. ಅಂದಿನ ಫಾರ್ವರ್ಡ್ ಅದು. ಊರು ನಂಬಿತು. ಭಿಕ್ಖುಗಳು ಪಿಂಡಪಾತಕ್ಕೆ ಹೋದ ಕಡೆಯಲ್ಲೆಲ್ಲ ಬೈಗುಳ.

ಭಿಕ್ಖುಗಳು ಬಂದು ಹೇಳಿಕೊಂಡಾಗ ಭಗವಾನರು, ಈ ಗದ್ದಲ ಏಳು ದಿನ ಇರುತ್ತದೆ, ಆಮೇಲೆ ಅಡಗುತ್ತದೆ ಎಂದರು. ಸುಳ್ಳು ಆರೋಪ ಮಾಡುವವನೂ, ಮಾಡಿ ಮಾಡಿಲ್ಲ ಎನ್ನುವವನೂ ಒಂದೇ ಗತಿಗೆ ಬೀಳುತ್ತಾರೆ ಎಂಬ ಮಾತನ್ನಷ್ಟೇ ಎದುರಾಡಲು ಹೇಳಿಕೊಟ್ಟರು. ‘ಅವರೇ ಕೊಂದಿದ್ದಾರೆ’ ಎಂದು ತಿರುಗಿಸಿ ಕೂಗಿ ಎಂದು ಹೇಳಿಕೊಡಲಿಲ್ಲ. ಕೊಂದವರು ಸಿಕ್ಕಿಬಿದ್ದದ್ದು ಬೇರೆ ದಾರಿಯಲ್ಲಿ: ಹೆಂಡದಂಗಡಿಯಲ್ಲಿ ಕೂಲಿ ದುಡ್ಡು ಹಂಚಿಕೊಳ್ಳುವಾಗ ಜಗಳವಾಡಿ ಬಾಯಿಬಿಟ್ಟರು, ರಾಜಭಟರು ಹಿಡಿದರು.

ನಾವು ಈ ಕಥೆಯನ್ನು ಸಾಮಾನ್ಯವಾಗಿ ಸಂಘದ ಕಳಂಕ ತೊಲಗಿದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ನನಗೆ ಅದರಲ್ಲಿ ಸಮಾಧಾನವಿಲ್ಲ. ಆ ಏಳು ದಿನ ಸಾವತ್ಥಿಯ ಬಾಯಲ್ಲೆಲ್ಲ ಭಿಕ್ಖುಗಳ ಚಾರಿತ್ರ್ಯದ ಮಾತು. ಸುಂದರಿ ಯಾರು, ಎಲ್ಲಿಯವಳು, ಕೊನೆಗೆ ಯಾರ ಜೊತೆ ಕಂಡಳು ಎಂದು ಬೀದಿಯಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ. ಸತ್ತವಳು ಅವಳು. ಅವಳ ಹೆಣ ಇನ್ನೊಬ್ಬರ ಜಗಳಕ್ಕೆ ಸಾಕ್ಷ್ಯವಾಯಿತು, ಅಷ್ಟೇ.

ಇದು 2,500 ವರ್ಷದ ಹಿಂದಿನ ಮಾತು ಎನ್ನಬೇಡಿ. 1980ರ ಆಗಸ್ಟ್ 17ರ ರಾತ್ರಿ ಆಸ್ಟ್ರೇಲಿಯಾದ ನಡುಮಧ್ಯದ ಉಲೂರು ಎಂಬ ದೊಡ್ಡ ಬಂಡೆಯ ಬಳಿ, ಡೇರೆಯೊಳಗೆ ಮಲಗಿಸಿದ್ದ ಒಂಬತ್ತು ವಾರದ ಹಸುಗೂಸು ಅಜಾರಿಯಾ ಕಾಣೆಯಾಯಿತು. ಡಿಂಗೋ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಎತ್ತಿಕೊಂಡು ಹೋಯಿತು ಎಂದು ತಾಯಿ ಲಿಂಡಿ ಚೇಂಬರ್ಲಿನ್ ಕೂಗಿದಳು. ಆ ರಾತ್ರಿಯೇ ನೂರಾರು ಜನ ಟಾರ್ಚು ಹಿಡಿದು ಹುಡುಕಿದರು. ಒಂದು ವಾರದ ಮೇಲೆ ರಕ್ತದ ಕಲೆಯ ಮಗುವಿನ ಬಟ್ಟೆ ಸಿಕ್ಕಿತು. ದೇಹ ಇವತ್ತಿನವರೆಗೂ ಸಿಕ್ಕಿಲ್ಲ.

ದೇಹವಿಲ್ಲದ ಆ ಖಾಲಿ ಜಾಗವನ್ನು ದೇಶವೆಲ್ಲ ತನ್ನ ಊಹೆಯಿಂದ ತುಂಬಿತು. ಟಿವಿಯಲ್ಲಿ ತಾಯಿ ಅಳುತ್ತಿಲ್ಲವಲ್ಲ? ಹಸುಗೂಸಿಗೆ ಕಪ್ಪು ಬಟ್ಟೆ ಯಾಕೆ ಹಾಕಿದ್ದಳು? ಆ ದಂಪತಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಚಿಕ್ಕ ಕ್ರೈಸ್ತ ಪಂಥದವರು, ತಂದೆ ಪಾದ್ರಿ. ಅವರು ಮಕ್ಕಳನ್ನು ಬಲಿ ಕೊಡುತ್ತಾರಂತೆ! ಅಜಾರಿಯಾ ಎಂದರೆ ‘ಕಾಡಿನಲ್ಲಿ ಕೊಟ್ಟ ಬಲಿ’ ಎಂದು ಅರ್ಥವಂತೆ! ಆ ಹೆಸರಿನ ನಿಜವಾದ ಅರ್ಥ ‘ದೇವರು ನೆರವಾದವನು’ ಎಂದು. ಒಂದು ಪುಸ್ತಕ ತೆರೆದು ನೋಡಿದ್ದರೆ ಸಿಗುತ್ತಿತ್ತು, ಆದರೆ ‘ಅಂತೆ’ಗೆ ಪುಸ್ತಕ ಬೇಕಿಲ್ಲ. ಬಹುಸಂಖ್ಯಾತರಿಗೆ ಪರಿಚಯವಿಲ್ಲದ ಧರ್ಮದವರ ಮನೆಯೊಳಗೆ ಏನು ಬೇಕಾದರೂ ನಡೆಯುತ್ತದೆ ಎಂದು ನಂಬುವುದು ಎಷ್ಟು ಸುಲಭ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುದ್ಧ ವಿಹಾರಕ್ಕೆ ಹೋಗುವ ನಮ್ಮ ಬಗ್ಗೆಯೇ ಊರಲ್ಲಿ ಎಂಥೆಂಥ ಮಾತಿವೆ!

ವದಂತಿ ಎಷ್ಟು ಬೆಳೆದಿತ್ತೆಂದರೆ 1981ರ ಫೆಬ್ರುವರಿಯಲ್ಲಿ ಮರಣ ವಿಚಾರಣೆ ನಡೆಸಿದ ಅಧಿಕಾರಿ ತನ್ನ ನಿರ್ಣಯವನ್ನು ಟಿವಿಯಲ್ಲೇ ನೇರವಾಗಿ ಓದಿದರು. ಮಗುವನ್ನು ಒಯ್ದದ್ದು ಡಿಂಗೋ, ತಂದೆತಾಯಿಯದು ತಪ್ಪಿಲ್ಲ ಎಂದರು. ಊಹೆ ಅದಕ್ಕೂ ಬಗ್ಗಲಿಲ್ಲ. ಮತ್ತೊಂದು ವಿಚಾರಣೆ, ಆಮೇಲೆ ಕೊಲೆ ಮೊಕದ್ದಮೆ. ‘ಡಿಂಗೋ ನಿರಪರಾಧಿ’ ಎಂದು ಬರೆದ ಟೀ ಶರ್ಟುಗಳನ್ನು ಜನ ಹಾಕಿಕೊಂಡು ತಿರುಗಿದರು. ಕಾರಿನೊಳಗೆ ಮಗುವಿನ ರಕ್ತ ಚಿಮ್ಮಿದೆ ಎಂದು ತಜ್ಞರು ಹೇಳಿದರು. 1982ರ ಅಕ್ಟೋಬರ್ 29ರಂದು ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಅವಳು ತುಂಬು ಗರ್ಭಿಣಿ. ಮುಂದಿನ ತಿಂಗಳು ಹುಟ್ಟಿದ ಹೆಣ್ಣು ಮಗುವನ್ನೂ ಅವಳ ಕೈಯಿಂದ ತೆಗೆದುಕೊಂಡು ಹೋದರು.

1986ರ ಫೆಬ್ರುವರಿಯಲ್ಲಿ, ಬಂಡೆಯಿಂದ ಬಿದ್ದು ಸತ್ತ ಬೇರೊಬ್ಬ ಪ್ರವಾಸಿಯ ಶವ ಹುಡುಕುವಾಗ ಅಜಾರಿಯಾಳ ಪುಟ್ಟ ಜಾಕೆಟ್ ಡಿಂಗೋಗಳ ಗುಹೆಗಳಿದ್ದ ಕಡೆ ಸಿಕ್ಕಿತು. ಮಗುವಿಗೆ ಜಾಕೆಟ್ ಹಾಕಿದ್ದೆ ಎಂದು ತಾಯಿ ಮೊದಲಿನಿಂದ ಹೇಳುತ್ತಲೇ ಬಂದಿದ್ದಳು, ಯಾರೂ ನಂಬಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಬಿಡುಗಡೆಯಾಯಿತು. ಕಾರಿನಲ್ಲಿ ಚಿಮ್ಮಿದ್ದ ‘ರಕ್ತ’, ಕಾರಿನ ಸದ್ದು ತಗ್ಗಿಸಲು ಕಾರ್ಖಾನೆಯಲ್ಲೇ ಹೊಡೆದಿದ್ದ ಲೇಪನ ಎಂದು ಗೊತ್ತಾಯಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವನ್ನು ಕೊಂದದ್ದು ಡಿಂಗೋ ಎಂದು ಮರಣ ವಿಚಾರಣಾಧಿಕಾರಿ ಕೊನೆಯದಾಗಿ ದಾಖಲೆಗೆ ಬರೆದದ್ದು 2012ರ ಜೂನ್ 12ರಂದು. 32 ವರ್ಷ ಬೇಕಾಯಿತು.

ಇಷ್ಟು ಉದ್ದ ಹೇಳಿದ್ದಕ್ಕೆ ಒಂದು ಕಾರಣವಿದೆ. ಆ ಮೊದಲ ರಾತ್ರಿಯೇ ಹೆಜ್ಜೆ ನೋಡಿದವರು ಇದ್ದರು. ಆ ನೆಲದ ಮೂಲನಿವಾಸಿ ಅನಂಗು ಜನ. ಮರಳಿನಲ್ಲಿ ಪ್ರಾಣಿಯ ಹೆಜ್ಜೆ ಓದುವುದು ಅವರಿಗೆ ತಲೆಮಾರುಗಳ ವಿದ್ಯೆ. ಡೇರೆಯ ಬಳಿ ಡಿಂಗೋ ಹೆಜ್ಜೆ ಇದೆ, ಭಾರದ ಏನನ್ನೋ ಹೊತ್ತು ಹೋಗಿದೆ, ನಡುವೆ ಕೆಳಗಿಟ್ಟು ಮತ್ತೆ ಎತ್ತಿಕೊಂಡಿದೆ ಎಂದು ಅವರು ಕಂಡುಕೊಂಡಿದ್ದರು. ಅವರಿಗೆ ಗೊತ್ತಿತ್ತು, ಗೊತ್ತಿದ್ದುದನ್ನಷ್ಟೇ ಹೇಳಿದರು. ಆದರೆ ಕೊಲೆ ತೀರ್ಪಿನ ಹೊತ್ತಿಗೆ ಆ ತಿಳಿವಿಗೆ ಬೆಲೆಯೇ ಇರಲಿಲ್ಲ. ಬಿಳಿ ಕೋಟಿನವರ ಪರೀಕ್ಷೆ ವಿಜ್ಞಾನ, ಬರಿಗಾಲಿನವರ ಕಣ್ಣು ಬರೀ ಮಾತು ಎಂದಾಯಿತು. ಮೂಲನಿವಾಸಿಗಳ ಆ ಸಾಕ್ಷ್ಯಕ್ಕೆ ತೂಕ ಸಿಕ್ಕಿದ್ದು 1987ರ ರಾಯಲ್ ಕಮಿಷನ್ನಿನ ವರದಿಯಲ್ಲಿ. ಊಹೆಯ ಗದ್ದಲದಲ್ಲಿ ಮೊದಲು ಮುಳುಗುವುದು, ಕೇಳುವವರಿಲ್ಲದವರು ಕಣ್ಣಾರೆ ಕಂಡ ಸತ್ಯ.

ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೆಸೇಜು ದೇಶದ ತುಂಬ ಓಡಾಡಿತು. ಜೊತೆಗೆ ಓಡಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದು. ಕೊನೆಯ ಭಾಗ ಕತ್ತರಿಸಿ ನಿಜದ ಅಪಹರಣ ಎಂದು ಹಂಚಿದರು. ಆ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಹೊಡೆದು ಕೊಂದರು. ಐವರೂ ಭಿಕ್ಷೆಗೆ ಬಂದಿದ್ದ ಅಲೆಮಾರಿ ಗೋಸಾವಿ ಸಮುದಾಯದವರು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಮಾತಿನಿಂದ ಶುರುವಾಗಿ ಹೈದರಾಬಾದಿನ ಒಬ್ಬ ಯುವಕನ ಜೀವ ಹೋಯಿತು. ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟಿಗೆ ಕಳಿಸಬಹುದು ಎಂದು ವಾಟ್ಸಾಪ್ ಭಾರತದಲ್ಲಿ ಮಿತಿ ಹಾಕಿದ್ದು ಆ ತಿಂಗಳೇ. ಈ ಚಿಂತನೆಯನ್ನು ನೀವು ಮುಂದಕ್ಕೆ ಕಳಿಸುವಾಗಲೂ ಆ ಮಿತಿ ನಿಮ್ಮ ಬೆರಳನ್ನು ತಡೆಯುತ್ತದೆ. ಯಾಕೆ ಬಂತು ಎಂಬುದು ನೆನಪಿರಲಿ.

ಈಗ ಸಾಲೇಯ್ಯಕ ಸುತ್ತದ ಆ ಎರಡನೆಯವನ ಹತ್ತಿರ ಬರೋಣ. ಗೊತ್ತಿದ್ದೂ ಗೊತ್ತಿಲ್ಲ ಎನ್ನುವವನು.

‘ಊಹೆ ಮಾಡಬೇಡಿ’ ಎಂದರೆ ನಮ್ಮ ಯುವಕರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಏಕೆಂದರೆ ನಮ್ಮ ಕೇರಿಯ ಹುಡುಗಿ ಕಾಣೆಯಾದಾಗ ಮೊದಲು ಊಹೆ ಮಾಡುವುದು ನಾವಲ್ಲ. ದೂರು ಹಿಡಿದು ಠಾಣೆಗೆ ಹೋದ ತಂದೆಗೆ ಎಷ್ಟೋ ಕಡೆ ಸಿಗುವ ಮೊದಲ ಉತ್ತರ ಏನು? “ಯಾರನ್ನೋ ಲವ್ ಮಾಡಿ ಓಡಿ ಹೋಗಿರ್ತಾಳೆ, ನಾಲ್ಕು ದಿನ ನೋಡಿ.” ಇದೂ ಊಹೆಯೇ, ಬಂಧುಗಳೇ. ವಾಟ್ಸಾಪಿನ ಊಹೆಗಿಂತ ಕೆಟ್ಟ ಊಹೆ, ಏಕೆಂದರೆ ಇದಕ್ಕೆ ಸಮವಸ್ತ್ರವಿದೆ, ಇದರಿಂದ ಹುಡುಕಾಟವೇ ನಿಲ್ಲುತ್ತದೆ. ಕಾಣೆಯಾದ ಮೊದಲ ಗಂಟೆಗಳು ಹೀಗೆ ಹುಡುಗಿಯ ಚಾರಿತ್ರ್ಯದ ಚರ್ಚೆಯಲ್ಲಿ ಕಳೆದು ಹೋಗುತ್ತವೆ. ಅದರ ಎದುರು ಬಾಯಿ ಮುಚ್ಚಿಕೊಂಡು ಕೂರುವುದು ಸಮ್ಮಾ ವಾಚಾ ಅಲ್ಲ.

ಕಾನೂನು ಊಹೆಗೆ ಬಿಟ್ಟಿಲ್ಲ. ಗುರುತಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣ ಹುಟ್ಟಿದ್ದೇ ಅಪಹರಣಕ್ಕೊಳಗಾದ ಬಾಲಕಿಯ ತಂದೆಯ ದೂರನ್ನು ಪೊಲೀಸರು ಕೇಳದಿದ್ದಕ್ಕೆ. ಅದೇ ವರ್ಷದ ಮೇ ತಿಂಗಳಲ್ಲಿ ಬಚಪನ್ ಬಚಾವೋ ಆಂದೋಲನ ಪ್ರಕರಣದಲ್ಲಿ, ಮಗು ಕಾಣೆಯಾದರೆ ಅಪಹರಣ ಇಲ್ಲವೇ ಸಾಗಣೆ ನಡೆದಿದೆ ಎಂದೇ ಮೊದಲು ಭಾವಿಸಿ ಎಫ್‌ಐಆರ್ ಹಾಕಬೇಕು ಎಂದಿತ್ತು. ನಮ್ಮ ವ್ಯಾಪ್ತಿಗೆ ಬರಲ್ಲ ಎಂದು ಇನ್ನೊಂದು ಠಾಣೆಗೆ ಅಟ್ಟುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಕ್ಕಳಾದರೆ 1098ಕ್ಕೆ ಕರೆ ಮಾಡಿ. ಯಾರೋ ಅಕ್ರಮವಾಗಿ ಹಿಡಿದಿಟ್ಟಿದ್ದಾರೆ ಎಂದಾದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಇದೆ. ಇಂಥ ರಿಟ್ಟುಗಳಿಗಾಗಿ ಸುಪ್ರೀಂ ಕೋರ್ಟಿಗೆ ನೇರವಾಗಿ ಹೋಗುವ ಹಕ್ಕು ಕೊಡುವ 32ನೆಯ ವಿಧಿಯನ್ನೇ ಬಾಬಾಸಾಹೇಬರು ಸಂವಿಧಾನದ ಹೃದಯ, ಆತ್ಮ ಎಂದು ಕರೆದದ್ದು.

‘ತನಿಖೆ ಯಾಕೆ ಆಗಿಲ್ಲ? ಸಿಸಿಟಿವಿ ಯಾಕೆ ತೆಗೆಸಿಲ್ಲ? ಕೊನೆಯ ಫೋನ್ ಕರೆ ಯಾರದು?’ ಎಂದು ಹೆಸರು ಹಾಕಿ, ಸಹಿ ಮಾಡಿ, ಠಾಣೆಯ ಮುಂದೆ ನಿಂತು ಕೇಳುವುದು ಒಂದು. ‘ಚಿಕ್ಕಪ್ಪನೇ ಮಾಡಿದ್ದಾನಂತೆ’ ಎಂದು ಹೆಸರಿಲ್ಲದ ಆಡಿಯೊ ತಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯ ಬೇಕು, ಅದಕ್ಕೇ ಅದು ಕಮ್ಮಿ. ಇನ್ನು ನಿಜಕ್ಕೂ ಏನನ್ನಾದರೂ ನೋಡಿದವರು ನಮ್ಮಲ್ಲೇ ಇರುತ್ತಾರೆ. ಆ ದಿನ ಬಸ್ ಸ್ಟಾಪಿನಲ್ಲಿ ಹುಡುಗಿಯನ್ನು ಕಂಡವರು, ಬೈಕಿನ ನಂಬರು ನೋಡಿದವರು. ಗುಂಪಿನಲ್ಲಿ ನೂರು ಊಹೆಗೆ ಹೂಂಗುಟ್ಟಿ, ಹೇಳಿಕೆ ಕೊಡಿ ಎಂದಾಗ ‘ನನಗೇಕೆ ಕೋರ್ಟು ಕಚೇರಿ’ ಎಂದು ಹಿಂದೆ ಸರಿಯುತ್ತಾರೆ. ಸುತ್ತದ ಎರಡನೆಯ ಸುಳ್ಳುಗಾರ ಇವನೇ.

ಇವತ್ತಿನ ಅಭ್ಯಾಸಕ್ಕೆ ಒಂದು ಕೆಲಸ. ನಿಮ್ಮ ಫೋನಿನಲ್ಲಿರುವ ‘ಕಾಣೆಯಾಗಿದ್ದಾರೆ’ ಚಿತ್ರಗಳನ್ನು ತೆಗೆದು ನೋಡಿ. ತಾರೀಖು ಇದೆಯೇ? ಠಾಣೆಯ ಹೆಸರಿದೆಯೇ? ಇದ್ದರೆ ಠಾಣೆಗೆ ಫೋನ್ ಮಾಡಿ, ಇನ್ನೂ ಹುಡುಕುತ್ತಿದ್ದಾರೆಯೇ ಎಂದು ಕೇಳಿ. ಸಿಕ್ಕಿ ವರ್ಷವಾದವರ ಫೋಟೊ ಈಗಲೂ ಗುಂಪಿಂದ ಗುಂಪಿಗೆ ಓಡಾಡುತ್ತಿರುತ್ತದೆ. ಅವಳು ಮನೆಗೆ ಬಂದು, ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿದ ಕಡೆ ಯಾರೋ ಫೋನ್ ಮುಂದೆ ಹಿಡಿದು ‘ಇದು ನೀನೇ ಅಲ್ವಾ?’ ಎನ್ನುತ್ತಾರೆ. ಸಿಕ್ಕಿದ್ದಾರೆ ಎಂದು ಗೊತ್ತಾದರೆ ಫೋಟೊ ಅಳಿಸಿ, ನೀವು ಕಳಿಸಿದ್ದ ಅದೇ ಗುಂಪುಗಳಿಗೆ ‘ಸಿಕ್ಕಿದ್ದಾರೆ, ದಯವಿಟ್ಟು ಅಳಿಸಿ’ ಎಂದು ಹಾಕಿ. ಎಲ್ಲಿದ್ದಳು, ಯಾರ ಜೊತೆಗಿದ್ದಳು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಅಗತ್ಯವಿಲ್ಲ.

ಭವತು ಸಬ್ಬ ಮಂಗಲಂ.
ಜೈಭೀಮ್.