ನೀರು ಕಾಯುವ ಕಾಯಕ



ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಆ ನೀರನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವ ನಾವು, ನಮ್ಮೂರ ಮಕ್ಕಳು ದಿನವೂ ಕುಡಿಯುವ ನೀರನ್ನು ಯಾರ ಕೈಗೆ ಒಪ್ಪಿಸಿದ್ದೇವೆಂದು ವಿಚಾರ ಮಾಡಿದ್ದೇವೆಯೇ?

ಹಳೆಯ ಮಹಬೂಬನಗರ ಜಿಲ್ಲೆಯ ಬೋರುಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. 2016ರಲ್ಲಿ ಗದ್ವಾಲ, 2019ರಲ್ಲಿ ಮಕ್ತಲ್ ಸಹಿತವಾಗಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ನೆಲದೊಳಗಿನ ಕಲ್ಲು ಬದಲಾಗಲಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಮಕ್ಕಳ ಹಲ್ಲಿಗೆ ಕಲೆ ಕಟ್ಟಿಸುತ್ತದೆ. ಅದಕ್ಕೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿಯುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು. ಮಿಷನ್ ಭಗೀರಥದ ನಳ ಬಂದದ್ದು ಒಳ್ಳೆಯದೇ. ಆದರೆ ನಳ ನಿಂತ ದಿನ ಜನರು ಕ್ಯಾನ್ ಹಿಡಿದು ಬರುವುದು ಊರಿನ ಫಿಲ್ಟರ್ ಯಂತ್ರದ ಬಳಿಗೇ.

ಯಂತ್ರ ಕೊಡಿಸುವ ದಾನಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಲ್ಲಿನಲ್ಲಿ ಹೆಸರು ಬರುತ್ತದಲ್ಲ! ನಾನೇ ನಿಂತು ಪೂಜೆ ಮಾಡಿಸಿದ ಒಂದು ಯಂತ್ರ ಎರಡನೆಯ ಬೇಸಿಗೆಗೇ ನಿಂತಿತು. ಊರಿನ ಹೆಸರು ಬೇಡ. ಅಗ್ಗದ ಕಾರ್ಟ್ರಿಜ್ ಬದಲಿಸದೆ ದುಬಾರಿ ಮೆಂಬ್ರೇನ್ ಕಟ್ಟಿಕೊಂಡಿತ್ತು. ನಡೆಸುವ ಹುಡುಗನನ್ನು ಎಲ್ಲರೂ ಬೈದೆವು. ಗೇಜಿನ ಮುಳ್ಳು ಏನು ಹೇಳುತ್ತದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ತಪ್ಪು ನಮ್ಮದೇ.

ಕಲಿಯಬೇಕಾದುದು ಬಹಳವಿಲ್ಲ. ಮರಳಿನ ಫಿಲ್ಟರಿಗೆ ದಿನವೂ ನೀರನ್ನು ತಿರುಗುಮುರುಗಾಗಿ ಹಾಯಿಸಿ ಕೆಸರು ತೆಗೆಯಬೇಕು. ಕಾರ್ಟ್ರಿಜ್‌ನ ಎರಡು ಬದಿಯ ಒತ್ತಡ ನೋಡಬೇಕು. ಅಂತರ ಹೆಚ್ಚಿದರೆ ಬದಲಿಸಬೇಕು. ಒಳಬರುವ, ಹೊರಹೋಗುವ ನೀರಿನ ಟಿಡಿಎಸ್ ಬರೆದಿಡಬೇಕು. ಆದರೆ ಟಿಡಿಎಸ್ ಮೀಟರು ಫ್ಲೋರೈಡನ್ನು ಬೇರೆಯಾಗಿ ತೋರಿಸದು. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು. ಕ್ಯಾನುಗಳ ಸಾಲು ಬೆಳೆಯಿತೆಂದು ಬೋರಿನ ನೀರನ್ನು ನೇರವಾಗಿ ಟ್ಯಾಂಕಿಗೆ ಬಿಟ್ಟರೆ ಕುಡಿಯುವವರಿಗೆ ತಿಳಿಯುವುದಿಲ್ಲ. ತಿಳಿದವನು ವಾಲ್ವ್ ತಿರುಗಿಸಿದವನೊಬ್ಬನೇ.

ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕೆರೆಗೆ ಜಾರಿದರೂ ನುಲಿಯ ಚಂದಯ್ಯನವರು ಕಾಯಕ ಬಿಡಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಯಾರೂ ನೋಡದಿದ್ದಾಗಲೂ ವಾಲ್ವ್ ಮುಟ್ಟದ ಕೈ ಅಂಥ ಕಾಯಕದ ಕೈ. ಅದಕ್ಕೆ ತರಬೇತಿಯೂ ಬೇಕು, ಹೊಟ್ಟೆಗೆ ಸಾಕಾಗುವ ಸಂಬಳವೂ ಬೇಕು.

ಬಿ.ಕಾಂ. ಓದಿದವನು, ಲೆಕ್ಕ ಬಿಡಲಾರೆ. ಕ್ಯಾನಿಗೆ 5 ರೂಪಾಯಿಯಂತೆ ದಿನಕ್ಕೆ 100 ಕ್ಯಾನ್ ಹೋದರೆ ತಿಂಗಳಿಗೆ 15,000. ಕ್ಯಾನಿಗೆ 1 ರೂಪಾಯಿ ಮೆಂಬ್ರೇನ್ ಖಾತೆಗೆ ತೆಗೆದಿಟ್ಟರೂ ವರ್ಷಕ್ಕೆ 36,000 ನಿಲ್ಲುತ್ತದೆ. ಉಳಿದದ್ದು ಕರೆಂಟಿಗೆ, ಸಂಬಳಕ್ಕೆ. ಕಡಿಮೆ ಬಿದ್ದರೆ ವ್ಯಾಪಾರಸ್ಥ ಬಂಧುಗಳ ದಾಸೋಹ ಅಲ್ಲಿ ಸಲ್ಲಲಿ.

ಪ್ರತಿ ಊರಿನಿಂದ ಇಬ್ಬರನ್ನು ಕಲಿಯಲು ಕಳಿಸಿರಿ, ಒಬ್ಬರು ತಾಯಂದಿರಿರಲಿ. ಇನ್ನೊಬ್ಬನು ದುಡಿಯಲು ಹೈದರಾಬಾದಿಗೋ ಮುಂಬಯಿಗೋ ಹೋದರೂ ಕೀಲಿಕೈ ಊರಲ್ಲೇ ಉಳಿಯುತ್ತದೆ.