ನಾಳಿಗೆ ಯಾರ್ ಬರ್ತಾರ?

ಹಾರೂಗೇರಿಯಲ್ಲಿ ಕಬ್ಬಿನ ಹಂಗಾಮು ನಡೆದಿರುವಾಗ ರಾತ್ರಿಯೆನ್ನುವುದು ಪೂರ್ತಿ ರಾತ್ರಿಯಾಗುವುದಿಲ್ಲ. ಜೋಡಿ ಟ್ರೇಲಿ ಎಳೆಯುತ್ತ, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಹಾದಿ ಹಿಡಿದು ಹೋಗುತ್ತಲೇ ಇರುತ್ತವೆ. ಅಂಥದೊಂದು ರಾತ್ರಿ ಊಟ ಮುಗಿಸಿ ಚಿಗವ್ವನ ಮನೆಯ ಪಡಸಾಲೆಯಲ್ಲಿ ಕೂತಿದ್ದಾಗ ಅವಳ ಮೊಮ್ಮಗನ ಮೊಬೈಲಿನೊಳಗಿಂದ ಹಳೆಯ ಪರಿಚಯದ ದನಿಗಳು ಕೇಳಿಬಂದವು. ಅಡುಗೆಮನೆಯಲ್ಲಿದ್ದ ಚಿಗವ್ವ ಅಲ್ಲಿಂದಲೇ ಗುರುತು ಹಿಡಿದಳು: “ವಿಠ್ಠಲರಾಯಾ ಬಂದಾನೇನೋ?”

ಸಂಜೆಯ ಬಸ್ಸಿಗೆ ಬಂದಿಳಿದ ಬೀಗರನ್ನು ವಿಚಾರಿಸುವ ದನಿಯದು. ಹುಡುಗ ನೋಡುತ್ತಿದ್ದದ್ದು ‘ಸಿಲ್ಲಿ ಲಲ್ಲಿ’. ವಿಜಯಪ್ರಸಾದ್ ನಿರ್ದೇಶನದ, ಮಂಜುಭಾಷಿಣಿಯವರ ಲಲಿತಾಂಬೆ ಮತ್ತು ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲರಾವ್ ಮನೆಮಾತಾಗಿದ್ದ ಹಾಸ್ಯ ಧಾರಾವಾಹಿ. ಅದು ಮುಗಿದಾಗ ಈ ಹುಡುಗ ಹುಟ್ಟಿರಲೇ ಇಲ್ಲ. ಆ ಕೊನೆಯ ಸಂಜೆ ಈ ಮನೆಯಲ್ಲಿ ನಾನೂ ಇದ್ದೆ. ಕಥೆ ಹೇಗೆ ಮುಗಿಯಿತೆಂಬುದು ನನಗೀಗ ನೆನಪಿಲ್ಲ. ಟಿವಿ ಆರಿಸಿದ ಮೇಲೆ ಚಿಗವ್ವ ಯಾರಿಗೂ ಅಲ್ಲದಂತೆ ಕೇಳಿದ ಮಾತು ಮಾತ್ರ ನೆನಪಿದೆ: “ಹಂಗಾರ ನಾಳಿಗೆ ಯಾರ್ ಬರ್ತಾರ?”

ಮುಂದೇನಾಯಿತು ಎಂದು ಅವಳು ಕೇಳಲಿಲ್ಲ, ಯಾರು ಬರುತ್ತಾರೆ ಎಂದು ಕೇಳಿದಳು. ನಗೆಯ ಧಾರಾವಾಹಿಗೂ ಅದನ್ನು ನೋಡುವವರಿಗೂ ನಡುವೆ ಎಲ್ಲಿಯೂ ಬರೆದಿಡದ ಒಂದು ಕರಾರು ಇರುತ್ತದೆ. ಇಂದು ಏನೇ ಅನಾಹುತವಾಗಲಿ, ನಾಳೆ ಇದೇ ಹೊತ್ತಿಗೆ ಎಲ್ಲರೂ ಮೊದಲಿನಂತೆಯೇ ಇರಬೇಕು. ಲಲಿತಾಂಬೆಯ ಸಮಾಜಸೇವೆಯಿಂದ ಸಮಾಜ ಒಂದು ಗೇಣೂ ಮುಂದೆ ಹೋಗಬಾರದು, ಡಾಕ್ಟರಿಗೆ ಬುದ್ಧಿ ಬರಬಾರದು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ವಿನಲ್ಲಿ ಶ್ರೀಮತಿಯ ಕೈಯಲ್ಲಿ ಪೆಟ್ಟು ತಿಂದ ಪಾಂಡು ಮರುದಿನ ಗಾಯದ ಗುರುತೂ ಇಲ್ಲದೆ ಕಾಣಿಸಿಕೊಳ್ಳಬೇಕು. (ಹೆಂಡತಿ ಹೊಡೆದರೆ ನಗು ಬರುವುದೇಕೆ ಎಂದು ಆಗ ನಾವ್ಯಾರೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬಹುದಿತ್ತು.) ಇವೆರಡೂ ಬರುತ್ತಿದ್ದ, 2000ದ ಡಿಸೆಂಬರಿನಲ್ಲಿ ಶುರುವಾಗಿದ್ದ ಈಟಿವಿ ಕನ್ನಡದ ಹೆಸರು 2015ರಲ್ಲಿ ಕಲರ್ಸ್ ಕನ್ನಡ ಎಂದಾಯಿತು, ಆದರೆ ಚಿಗವ್ವನ ಮನಸ್ಸಿನಲ್ಲಿ ವಿಠ್ಠಲರಾಯರು ಈಗಲೂ ಅದೇ ವಯಸ್ಸಿನವರು. ಮಳೆ, ಬೆಲೆ, ಕಬ್ಬಿನ ಬಿಲ್ಲು, ಹೊಳೆಯ ನೀರು ಯಾವುದನ್ನೂ ನೆಚ್ಚಲಾಗದ ಈ ಸೀಮೆಯಲ್ಲಿ, ನಾಳೆಯೂ ಹೀಗೆಯೇ ಇರುತ್ತಾರೆ ಎಂದು ನಂಬಬಹುದಾದ ನಾಲ್ಕು ಮಂದಿ ಸಿಕ್ಕರೆ ಯಾರು ತಾನೇ ಬಿಟ್ಟುಕೊಟ್ಟಾರು?

ಆದ್ದರಿಂದಲೇ ಇಂಥ ಧಾರಾವಾಹಿಗಳನ್ನು ಮುಗಿಸುವುದು ಕಷ್ಟ. ಮುಗಿಸಬೇಕೆಂದರೆ ಅಷ್ಟು ವರ್ಷ ಹೊಸ್ತಿಲಾಚೆ ನಿಲ್ಲಿಸಿದ್ದ ಕಾಲವನ್ನು ಒಳಗೆ ಕರೆಯಬೇಕಾಗುತ್ತದೆ. ಅಮೆರಿಕದ ‘ಮ್ಯಾಶ್’ ಎಂಬ ಧಾರಾವಾಹಿಯಲ್ಲಿ ಆದದ್ದು ಇದೇ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಡಾಕ್ಟರುಗಳ ತಮಾಷೆಯ ಕಥೆಯದು. ನಿಜದ ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮೂರು ವರ್ಷ. ತೆರೆಯ ಮೇಲಿನ ಯುದ್ಧ 1972ರಿಂದ 1983ರವರೆಗೆ, ಹನ್ನೊಂದು ವರ್ಷ. ನೋಡುಗರಿಗೆ ಯುದ್ಧ ಮುಗಿಯುವುದು ಬೇಕಿರಲಿಲ್ಲ ಎಂದಲ್ಲ, ಆ ಡಾಕ್ಟರುಗಳು ಮನೆಗೆ ಹೋಗುವುದು ಬೇಕಿರಲಿಲ್ಲ. ಅದರಲ್ಲಿ ನಗುವ ಜಾಗದಲ್ಲಿ ಧ್ವನಿಮುದ್ರಿತ ನಗು ಸೇರಿಸುತ್ತಿದ್ದರು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ಮಾತ್ರ ಆ ನಗು ಬೇಡವೆಂದು ನಿರ್ಮಾಪಕರು ಹಟ ಹಿಡಿದು ಗೆದ್ದರು. ಅಷ್ಟಾದರೂ ಮರ್ಯಾದೆ ಉಳಿಸಿಕೊಂಡಿದ್ದರು.

1983ರ ಫೆಬ್ರವರಿ 28ರಂದು ಪ್ರಸಾರವಾದ, ಎರಡೂವರೆ ಗಂಟೆಯ ಕೊನೆಯ ಕಂತನ್ನು ಆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು. ಅದನ್ನು ನಿರ್ದೇಶಿಸಿದ್ದು ಹಾಕ್‌ಐ ಎಂಬ ಮುಖ್ಯ ಪಾತ್ರ ಮಾಡಿದ್ದ ಆಲನ್ ಆಲ್ಡಾ ಅವರೇ. ಹನ್ನೊಂದು ವರ್ಷ ಜನರನ್ನು ನಗಿಸಿದ ಹಾಕ್‌ಐ ಆ ಕಂತು ಶುರುವಾಗುವಾಗ ಮಾನಸಿಕ ಚಿಕಿತ್ಸೆಯ ಆಸ್ಪತ್ರೆಯಲ್ಲಿದ್ದಾನೆ. ವೈರಿಗಳ ಕಿವಿಗೆ ಬೀಳಬಾರದೆಂದು ಬಸ್ಸಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಹೆಂಗಸೊಬ್ಬಳು ತನ್ನ ಮಡಿಲಲ್ಲಿ ಕೂಗುತ್ತಿದ್ದ ಕೋಳಿಯನ್ನು ಉಸಿರುಗಟ್ಟಿಸಿ ಕೊಂದಳೆಂದು ಅವನು ನೆನಪಿಸಿಕೊಳ್ಳುತ್ತಾನೆ. ವೈದ್ಯರು ಕೇಳುತ್ತ ಕೇಳುತ್ತ ಹೋದಂತೆ ಅದು ಕೋಳಿಯಾಗಿರಲಿಲ್ಲ, ಅವಳ ಹಸುಗೂಸಾಗಿತ್ತು ಎಂಬ ನೆನಪು ಒಡೆದು ಹೊರಗೆ ಬರುತ್ತದೆ. ಅಲ್ಲಿಯವರೆಗೂ ಆತನ ಚೇಷ್ಟೆಗಳಿಗೆ ನಕ್ಕಿದ್ದ ಕೋಟಿಗಟ್ಟಲೆ ಜನರಲ್ಲಿ, ನಗಿಸುವವನೊಳಗೆ ಏನು ನಡೆದಿದೆ ಎಂದು ಯೋಚಿಸಿದವರು ಎಷ್ಟು ಮಂದಿಯೋ?

ನಾನು ಆ ಮಂದಿಯನ್ನು ಕೇಳುವುದಕ್ಕಿಂತ ನನ್ನನ್ನೇ ಕೇಳಿಕೊಳ್ಳುವುದು ಮೇಲು. ನಮ್ಮ ಮನೆತನದಲ್ಲಿಯೂ ನಗಿಸುವವನೊಬ್ಬನಿದ್ದ, ಚಿಗವ್ವನ ಅಣ್ಣ, ನನ್ನ ಸೋದರಮಾವ. ಅವನ ಹತ್ತಿರ ಒಂದು ಎತ್ತಿನ ಕಥೆಯಿತ್ತು. ಖಿಲಾರಿ ಎತ್ತು ಕಣ್ಣಿ ಹರಿದುಕೊಂಡು ಮದುವೆಯ ಹಂದರಕ್ಕೆ ನುಗ್ಗಿ, ಅಕ್ಷತೆಗೆ ನಿಂತಿದ್ದ ಮದುಮಗನ ಬಾಸಿಂಗವನ್ನೇ ತಿಂದ ಕಥೆ. ಸೀಮಂತವಿರಲಿ, ಜವಳವಿರಲಿ, ಮಾವ ಕಂಡರೆ ಸಾಕು, “ಮಾವಾ, ಆ ಬಾಸಿಂಗದ ಕಥಿ ಹೇಳ್ರಿ” ಎಂದು ಸುತ್ತುಗಟ್ಟುತ್ತಿದ್ದೆವು. ಅವನು ಎತ್ತಿನಂತೆ ಮೆಲುಕು ಹಾಕುತ್ತ ಮದುಮಗನ ಗಾಬರಿಯ ಮುಖ ಮಾಡುತ್ತಿದ್ದ, ನಾವು ಬಿದ್ದುಬಿದ್ದು ನಗುತ್ತಿದ್ದೆವು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಥವಾ ಅಲ್ಲಿಗೆ ಮುಗಿಯುತ್ತದೆಂದು ನಾವೇ ಎದ್ದುಹೋಗುತ್ತಿದ್ದೆವು.

ಕೊನೆಯ ಒಂದೆರಡು ವರ್ಷ ಮಾವ ಸುಮ್ಮನಾಗಿದ್ದ. ಆಗಲೂ ನಾವು ಕೇಳಿದ್ದು ಬಾಸಿಂಗದ ಕಥೆಯನ್ನೇ. ಅವನು ಸುಮ್ಮನಿದ್ದರೆ “ಮಾವ ಯಾಕೋ ಮೊದಲಿನಂಗಿಲ್ಲ” ಎಂದು ಬೇಸರಪಟ್ಟುಕೊಂಡೆವೇ ಹೊರತು, ಮೊದಲಿನಂತಿಲ್ಲದ ಆ ಮಾವನ ಎದುರು ಕೂತು ಮಾತಾಡಿಸಲಿಲ್ಲ. ಕುಟುಂಬವೆಂಬುದರಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿ ಕೂರಿಸಿರುತ್ತೇವೆ. ಇವಳು ಸಿಡುಕಿ, ಅವನು ಜಿಪುಣ, ಇನ್ನೊಬ್ಬ ನಗೆಗಾರ. ವರುಷಕ್ಕೊಮ್ಮೆ ಜಾತ್ರೆಗೆ ಬಂದಾಗ ಅವರೆಲ್ಲ ತಂತಮ್ಮ ಪಾತ್ರದಲ್ಲಿಯೇ ಸಿಗಬೇಕು. ಸಿಗದಿದ್ದರೆ ನಮಗೆ ಅವರ ಮೇಲೆ ಮರುಕಕ್ಕಿಂತ ಸಿಟ್ಟೇ ಮೊದಲು ಬರುತ್ತದೆ. ಇದನ್ನು ಪ್ರೀತಿಯೆಂದೇ ತಿಳಿದಿರುತ್ತೇವೆ ಎಂಬುದು ಇನ್ನೂ ವಿಚಿತ್ರ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತಕ್ಕೆ ಈ ತೊಡಕಿರಲಿಲ್ಲ ಎನಿಸುತ್ತದೆ. ಕುಲಗೋಡ ತಮ್ಮಣ್ಣನಿಂದ ಬೆಳೆದು, ಕೌಜಲಗಿ ನಿಂಗಮ್ಮನಂಥವರ ಕಂಠದಲ್ಲಿ ಮೆರೆದ ಆ ಆಟ ಊರ ಚಾವಡಿಯ ಮುಂದೆ ಬೆಳತನಕ ನಡೆಯುತ್ತಿತ್ತು. ಕೊನೆಗೆ ಏನಾಗುತ್ತದೆಂದು ಕಟ್ಟೆಯ ಮೇಲೆ ಕೂತ ಮಕ್ಕಳಿಗೂ ಗೊತ್ತಿರುತ್ತಿತ್ತು. ಆದರೂ ಮಂಗಳದ ಹಾಡು ಬರುವವರೆಗೆ ಯಾರೂ ಏಳುತ್ತಿರಲಿಲ್ಲ. ನಗಿಸಿ ಸುಸ್ತಾದ ದೂತಿಯ ಪಾತ್ರದವನು ಬೆಳಗಿನ ಬೆಳಕಿನಲ್ಲಿ ಬಣ್ಣ ಒರೆಸಿಕೊಂಡು ಚಹಾ ಕುಡಿಯುವುದನ್ನೂ ಜನ ನೋಡುತ್ತಿದ್ದರು. ಪಾತ್ರ ಇಳಿದ ಮೇಲಿನ ಮನುಷ್ಯನನ್ನು ಕಾಣುವ ಅವಕಾಶ ಆ ಚಾವಡಿಯ ಮುಂದೆ ಇತ್ತು.

2018ರಲ್ಲಿ ‘ಪಾಪ ಪಾಂಡು’ ಮತ್ತೆ ಬಂತು, ಕಲರ್ಸ್ ಸೂಪರ್‌ನಲ್ಲಿ. ಚಿಗವ್ವ ನಾಲ್ಕು ದಿನ ನೋಡಿ ಬಿಟ್ಟಳು. “ಯಾಕ?” ಅಂದರೆ, “ಅವರ ಏನೋ ಬಂದಾರ. ಕೂಡಿ ನೋಡಾಕ ನಿಮ್ಮ ಮಾವ ಎಲ್ಲದಾನ?” ಅಂದಳು.

ಆ ರಾತ್ರಿ, ಮೊಬೈಲಿನೊಳಗೆ ವಿಠ್ಠಲರಾಯರು ಯಾರನ್ನೋ ಗದರಿಸುತ್ತಿದ್ದಾಗ, ನನಗೆ ಏನನಿಸಿತೋ, ಬಾಸಿಂಗ ತಿಂದ ಎತ್ತು ಆಮೇಲೆ ಏನಾಯಿತು ಎಂದು ಚಿಗವ್ವನನ್ನು ಕೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಆತು ಕೂತಳು.

“ನಿಮಗ ಹೇಳಿರ್ಲಿಲ್ಲನ?”

“ನಾವು ಕೇಳಿರಲಿಲ್ಲ.”

“ಮುಂದಿನ ವರ್ಷ ಮಳಿ ಆಗ್ಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರಿ ಮುಗದ ಮ್ಯಾಲ ನಿಮ್ಮ ಮಾವ ಎತ್ತ ಮಾರಿದ. ಹಗ್ಗ ಕೊಡೂ ಮುಂದ ಅದು ಅವನ ರುಮಾಲ ನೆಕ್ಕತಿತ್ತಂತ. ಮನಿಗೆ ಬಂದು ಎರಡ ದಿನ ಉಣ್ಣಲಿಲ್ಲ. ಮೂರನೇ ದಿನ ಬೀಗರು ಬಂದ್ರು. ‘ಆ ಬಾಸಿಂಗದ ಕಥಿ ಹೇಳೋ ಮಾರಾಯಾ’ ಅಂದ್ರು.”

“ಹೇಳಿದನ?”

“ಹೇಳ್ದಾ. ಎಲ್ಲಾರೂ ನಕ್ರು.”

ಹುಡುಗ ಯಾವಾಗಲೋ ಮೊಬೈಲಿನ ದನಿ ತಗ್ಗಿಸಿದ್ದ. ಹೊರಗೆ ಇನ್ನೊಂದು ಟ್ರ್ಯಾಕ್ಟರು ಹಾಡಿಕೊಂಡು ಹೋಯಿತು.